ಒಂದೇ ಹೊಳಿ, ಎರಡು ವಾರ್ತೆ: ಗಡಿಭಾಗದಲ್ಲಿ ಆಕಾಶವಾಣಿಯ ಸುದ್ದಿ ಹಂಚಿಕೆ

ಸಾಹಿತ್ಯದ ವಿದ್ಯಾರ್ಥಿ ವಾರ್ತೆಯನ್ನ ಯಾಕೆ ಓದಬೇಕು? ವಾರ್ತೆಗೂ ಒಬ್ಬ ನಿರೂಪಕ ಇರ್ತಾನ. ಅವ ಎಲ್ಲಿ ನಿಂತು ಮಾತಾಡ್ತಾನ ಅನ್ನೋದನ್ನ ವಾಕ್ಯರಚನೆಯೇ ಹೇಳ್ತದೆ.

ಮೊದಲು ವ್ಯವಸ್ಥೆ ನೋಡೋಣ. ಆಕಾಶವಾಣಿಯ ಎಲ್ಲ ಕೇಂದ್ರಗಳೂ ಸುದ್ದಿ ತಯಾರಿಸೋದಿಲ್ಲ. ರಾಷ್ಟ್ರೀಯ ವಾರ್ತೆಗೆ ದೆಹಲಿಯ ಸುದ್ದಿ ಸೇವಾ ವಿಭಾಗ ಇದೆ. ರಾಜ್ಯದ ಸುದ್ದಿಯನ್ನು ಪ್ರಾದೇಶಿಕ ಸುದ್ದಿ ವಿಭಾಗಗಳು ಕಟ್ಟುತ್ತವೆ. ಉಳಿದ ಕೇಂದ್ರಗಳು ಅದನ್ನ ಸಹಪ್ರಸಾರ ಮಾಡ್ತವೆ. ಜಿಲ್ಲೆಯ ಅರೆಕಾಲಿಕ ವರದಿಗಾರರು ಕಳಿಸಿದ್ದು ಆ ವಿಭಾಗದೊಳಗೆ ಎರಡು-ಮೂರು ವಾಕ್ಯಕ್ಕಿಳಿದು ಮತ್ತೆ ಅದೇ ಜಿಲ್ಲೆಗೆ ದನಿಯಾಗಿ ಮರಳುತ್ತದೆ. ಕನ್ನಡಕ್ಕೆ ಬೆಂಗಳೂರು, ಧಾರವಾಡ. ಕೊಲ್ಲಾಪುರ, ಸಾಂಗಲಿ ಕೇಂದ್ರಗಳ ಕೇಳುಗರಿಗೆ ಪುಣೆಯ ಮರಾಠಿ ವಾರ್ತೆ. ಖಾಸಗಿ ಎಫ್‌ಎಂಗಳಿಗೆ ಸ್ವಂತ ವಾರ್ತೆಯ ಅನುಮತಿಯೇ ಇಲ್ಲ. ಆಕಾಶವಾಣಿಯದನ್ನೇ ಬದಲಿಸದೆ ಹಾಕಬೇಕು. ಅಂದ್ರೆ ಅದೇ ವಾರ್ತೆ, ಇನ್ನೊಂದು ಸಲ!

ಈಗ ಗಡಹಿಂಗ್ಲಜದ ಒಂದು ಕನ್ನಡ ಮನೆ, ಇಚಲಕರಂಜಿಯ ಮಗ್ಗದ ಮನೆ ನೆನಸಿಕೊಳ್ರಿ. 1950ರ ಜನವರಿ 8ರಂದು ಶುರುವಾದ ಧಾರವಾಡ ಕೇಂದ್ರ ಇವರಿಗೆ ತಮ್ಮ ಭಾಷೆ ಕೊಡ್ತದೆ, ತಮ್ಮ ಊರು ಕೊಡೋದಿಲ್ಲ. ಪುಣೆ ಊರು ಕೊಡ್ತದೆ, ಭಾಷೆ ಕೊಡೋದಿಲ್ಲ. ಮಳೆಗಾಲದಲ್ಲಿ ಇದು ಬರೀ ಅಭಿಮಾನದ ಮಾತಾಗಿ ಉಳಿಯೋದಿಲ್ಲ. ಹಿರಣ್ಯಕೇಶಿ ಗಡಹಿಂಗ್ಲಜ ದಾಟಿ ಸಂಕೇಶ್ವರಕ್ಕೆ ಬಂದು ಮುಂದೆ ಘಟಪ್ರಭೆ ಸೇರ್ತದೆ. ಇಚಲಕರಂಜಿಯ ಪಂಚಗಂಗೆ ನರಸೋಬವಾಡಿಯಲ್ಲಿ ಕೃಷ್ಣೆಗೆ ಕೂಡಿ ಗಡಿ ದಾಟ್ತದೆ. 2019ರ ಆಗಸ್ಟ್ ನೆರೆ ಎರಡೂ ಕಡೆ ನುಗ್ಗಿತು. ಆದರೆ ಕನ್ನಡ ಸುದ್ದಿಯ ರೂಢಿಯ ವಾಕ್ಯ ಯಾವುದು? ‘ಮಹಾರಾಷ್ಟ್ರದಿಂದ ನೀರು ಬಿಡುಗಡೆ.’ ಈ ವಾಕ್ಯದಲ್ಲಿ ಹೊಳಿ ಗಡಿಯಲ್ಲೇ ಹುಟ್ಟುತ್ತದೆ. ಮ್ಯಾಲೆ ಮುಳುಗಿದವರು ಯಾರೂ ಇಲ್ಲ. ಮರಾಠಿ ಸುದ್ದಿಯಲ್ಲಿ ಬೆರಳು ಆಲಮಟ್ಟಿಯ ಕಡೆ ತಿರುಗ್ತದೆ, ಅಲ್ಲಿ ಕೆಳಗಿನವರು ಕಾಣೋದಿಲ್ಲ. ಇಚಲಕರಂಜಿಯ ಕನ್ನಡಿಗ ಒಂದು ವಾರ್ತೆಯಲ್ಲಿ ನೀರು ಬಿಡುವವ, ಇನ್ನೊಂದರಲ್ಲಿ ನೀರು ತಡೆಯುವವರ ಭಾಷೆಯವ.

ರೇಡಿಯೋ ಅಲೆಗೆ ಗಡಿ ಇಲ್ಲ, ಈಗ ಮೊಬೈಲಿನಲ್ಲೇ ಎಲ್ಲ ಕೇಂದ್ರ ಸಿಗ್ತಾವಲ್ಲ ಅಂತ ನೀವು ಕೇಳಬಹುದು. ಸಿಗ್ತಾವ, ಖರೆ. ಸಹಪ್ರಸಾರ ಹಂಚೋದು ದನಿಯನ್ನ, ವರದಿಯನ್ನಲ್ಲ. ಕೊಲ್ಲಾಪುರದ ವರದಿ ತನ್ನ ರಾಜ್ಯದ ವಿಭಾಗದ ಕಡೆ ಮ್ಯಾಲೇರ್ತದೆ. ಅಡ್ಡ ಹಾದು ಧಾರವಾಡಕ್ಕೆ ಬರೋ ದಾರಿ ರೂಢಿಯಾಗಿಲ್ಲ.

2023ರ ಜೂನ್‌ನಲ್ಲಿ ಪುಣೆಯ ಸುದ್ದಿ ವಿಭಾಗವನ್ನೇ ಮುಚ್ಚಿ ಛತ್ರಪತಿ ಸಂಭಾಜಿನಗರಕ್ಕೆ ಕೆಲಸ ಒಯ್ಯುವ ನಿರ್ಧಾರ ಆಯಿತು, ವಿರೋಧ ಬಂದು ತಡೆಹಿಡಿದರು. ಒಯ್ದಿದ್ದರೂ ಕೊಲ್ಲಾಪುರದಲ್ಲಿ ವಾರ್ತೆ ನಿಲ್ಲುತ್ತಿರಲಿಲ್ಲ. ಬದಲಾಗುತ್ತಿದ್ದದ್ದು ಯಾವ ಸುದ್ದಿ ಆರಿಸಬೇಕು ಅನ್ನೋ ಮೇಜು. ಪುಣೆಯವರಿಗೆ ಕಳಕೊಳ್ಳಲು ಮೇಜಾದರೂ ಇತ್ತು. ಗಡಹಿಂಗ್ಲಜದ ಕನ್ನಡ ಕೇಳುಗನಿಗೆ ಅದೂ ಇಲ್ಲ.

ಧಾರವಾಡದ ವಾರ್ತೆಯ ಭಾಷೆ ಬಗ್ಗೆ ನನಗೆ ಗೌರವವಿದೆ. ಸರಳ, ಸ್ವಚ್ಛ, ಅಬ್ಬರವಿಲ್ಲ. ಅದಕ್ಕೇ ಒಂದು ಸಣ್ಣ ಬೇಡಿಕೆ ಮುಂದಿಡ್ತೀನಿ. ಮಳೆಗಾಲದ ತಿಂಗಳುಗಳಲ್ಲಾದರೂ ಕೊಲ್ಲಾಪುರದ ವರದಿ ನೇರ ಧಾರವಾಡಕ್ಕೂ, ಬೆಳಗಾವಿಯದು ಪುಣೆಗೂ ಹೋಗಲಿ. ಅನುವಾದದ ಕೆಲಸ ಅಲ್ಲಿಂದ ಶುರುವಾಗ್ತದೆ. ರಾಜಾರಾಮ ಬಂಧಾರೆಯಲ್ಲಿ ಪಂಚಗಂಗೆಯ ಲೆಕ್ಕ ಅಡಿಯಲ್ಲಿ: 39 ಎಚ್ಚರಿಕೆ, 43 ಅಪಾಯ. ಆಲಮಟ್ಟಿಯದು ಮೀಟರಿನಲ್ಲಿ: 519.60 ಪೂರ್ಣಮಟ್ಟ. ಮ್ಯಾಲಿನ 43 ಅಡಿ ಅಂದರೆ ಕೆಳಗಿನ ಊರಿಗೆ ಏನು, ಎಷ್ಟು ತಾಸಿನ ನಂತರ, ಅನ್ನೋದನ್ನ ಕನ್ನಡದಲ್ಲಿ ಒಂದೇ ವಾಕ್ಯದಾಗ ಹೇಳೋದು ಹೆಂಗ? ಚರ್ಚೆಗೆ ಇದನ್ನೇ ಇಡ್ತೀನಿ.