ಕೊಪ್ಪ ಸೇತುವೆ: ಲಾರಿಗೆ ಪಾಸು, ಕಾಲಿಗೆ ಫೇಲು

ಕುಶಾಲನಗರದವರ ಬಾಯಲ್ಲಿ ಅದು ಕೊಪ್ಪ ಸೇತುವೆ. ಈಚೆ ಕೊಡಗು, ಆಚೆ ಪಿರಿಯಾಪಟ್ಟಣ ತಾಲ್ಲೂಕು, ನಡುವೆ ಕಾವೇರಿ. ರಾಷ್ಟ್ರೀಯ ಹೆದ್ದಾರಿ 275 ಇದರ ಮೇಲೇ ಹಾದು ಮಡಿಕೇರಿ ಕಡೆ ಹೋಗುತ್ತದೆ. ಫೋಟೊಗೆಂದು ಕಟ್ಟಿದ್ದಲ್ಲ, ಅದಕ್ಕೆ ನನ್ನ ತಕರಾರೂ ಇಲ್ಲ.

ಲೋಡು ಲಾರಿ ಹೋದಾಗ ಅಂಚಿನ ತಡೆಗೋಡೆಯ ಮೇಲಿಟ್ಟ ಅಂಗೈಗೆ ಸಣ್ಣ ನಡುಕ ತಾಗುತ್ತದೆ. ಹೊಸಬರು ಬೆಚ್ಚುತ್ತಾರೆ. ಭಾರಕ್ಕೆ ತುಸು ಬಾಗಿ ಮತ್ತೆ ಸೆಟೆಯುವುದು ಕಾಂಕ್ರೀಟ್ ತೊಲೆಯ ಗುಣ, ಅಷ್ಟೆ. ಇಂಥ ಸೇತುವೆಗಳಿಗೆ ನಿಜವಾದ ಅಪಾಯ ಬೇರೆ ಕಡೆಯಿದೆ. ನೀರು ಹೋಗುವ ತೂತುಗಳಲ್ಲಿ ಮಣ್ಣು ಕಟ್ಟಿಕೊಂಡರೆ ಮಳೆನೀರು ಬಿರುಕಿಗಿಳಿದು ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಪ್ರವಾಹ ಕಂಬದ ಬುಡ ಕೊರೆಯುತ್ತದೆ. ಕಾರವಾರದ ಸುಮಾರು 40 ವರ್ಷದ ಕಾಳಿ ಸೇತುವೆ 2024ರ ಆಗಸ್ಟ್‌ನಲ್ಲಿ ಲಾರಿ ಸಮೇತ ನದಿಗೆ ಬಿದ್ದ ಮೇಲಂತೂ ತಪಾಸಣೆಯನ್ನು ಕಡತದ ಕೆಲಸವೆಂದು ಬಿಡುವಂತಿಲ್ಲ.

ಕೊಪ್ಪ ಸೇತುವೆಗೆ 2018, 2019ರಲ್ಲಿ ಸಾಲಾಗಿ ಪ್ರವಾಹದ ಪರೀಕ್ಷೆ ಬಂತು. ಹಾರಂಗಿ ನದಿ ಕಾವೇರಿಯನ್ನು ಸೇರುವುದು ಸೇತುವೆಯಿಂದ ಕೆಳಗೆ, ಕೂಡಿಗೆಯಲ್ಲಿ. ಎರಡೂ ತುಂಬಿ ಬಂದರೆ ಕಾವೇರಿ ಮುಂದೆ ಸರಿಯಲಾರದೆ ಹಿಂದಕ್ಕೆ ಒತ್ತುತ್ತಾಳೆ. ನದಿದಂಡೆಯ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತು, ಸೇತುವೆ ನಿಂತಿತು. ಅಲ್ಲಿಗೆ ಅದು ಪಾಸು.

ಆದರೆ ಆಚೆ ದಡದ ಕೊಪ್ಪ, ಈಚೆಯ ಕುಶಾಲನಗರ ಎರಡೂ ಈಗ ಹೆಚ್ಚುಕಡಿಮೆ ಒಂದೇ ಊರು. ಸಂತೆ ಚೀಲ ಹೊತ್ತವರು, ಬೈಲಕುಪ್ಪೆಯ ಭಿಕ್ಷುಗಳು, ಶಾಲೆ ಮಕ್ಕಳು ಪ್ರವಾಸಿ ಕಾರುಗಳ ಹಾರ್ನಿಗೆ ಮೈ ಮುದುಡಿ ಅಂಚಿನಲ್ಲೇ ಸರಿಯಬೇಕು. ಎರಡು ಊರುಗಳ ಬೀದಿಯಾಗಬೇಕಾದ್ದನ್ನು ಬರೀ ಹೆದ್ದಾರಿಯ ತುಂಡಾಗಿ ಕಂಡಿದ್ದಾರೆ. ಒಂದು ಗಳಿಗೆ ನಿಂತು ನದಿ ನೋಡೋಣವೆಂದರೆ ಹಿಂದಿನಿಂದ ಬಸ್ಸು. ಇದೇ ಕಾವೇರಿಯನ್ನು ನೋಡಲು ಸ್ವಲ್ಪ ದೂರದ ನಿಸರ್ಗಧಾಮದ ತೂಗುಸೇತುವೆಯಲ್ಲಿ ಜನ ಟಿಕೆಟ್ ಕೊಟ್ಟು ನಿಲ್ಲುತ್ತಾರೆ!

ಮೈಸೂರು–ಕುಶಾಲನಗರ ಚತುಷ್ಪಥಕ್ಕೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಗಿದೆ. ಅದು ಕುಶಾಲನಗರದಾಚೆಯ ಗುಡ್ಡೆಹೊಸೂರು ಮುಟ್ಟಿದರೆ ದೂರದ ಗಾಡಿಗಳ ಬಹುಪಾಲು ಆ ದಾರಿ ಹಿಡಿದಾವು. ಆಗ ಈ ಸೇತುವೆಯ ಒಂದು ಪಕ್ಕವನ್ನಾದರೂ ಗಟ್ಟಿ ಕಟ್ಟೆ ಹಾಕಿ ನಡೆಯುವವರಿಗೆ ಬಿಟ್ಟುಕೊಡಬೇಕು, ರಾತ್ರಿ ದೀಪವೂ ಇರಬೇಕು. ನದಿಯಾಚೆ ಮೈಸೂರು ಜಿಲ್ಲೆ, ಈಚೆ ಕೊಡಗು ಜಿಲ್ಲೆ ಎಂದು ಇದರ ಅರ್ಜಿ ಎರಡು ಮೇಜುಗಳ ನಡುವೆ ಓಡಾಡದಿದ್ದರೆ ಸಾಕು.