ತುಪ್ಪದ ಕೆಳಗೆ ಏನಿದೆ?

ಬೆಂಗಳೂರಿನಲ್ಲಿ ಈಚಿನ ವರ್ಷಗಳಲ್ಲಿ ಅತಿ ಹೆಚ್ಚು ಹೆಸರು ಮಾಡಿದ ತಿಂಡಿ ತುಪ್ಪ ಸುರಿದ ಪುಡಿ ದೋಸೆ. ಇಂದಿರಾನಗರದಿಂದ ಜೆ.ಪಿ. ನಗರದವರೆಗೆ ಹೊಸ ಕೆಫೆಗಳ ಮುಂದೆ ಜನ ಸಾಲುಗಟ್ಟುವುದು ಇದಕ್ಕಾಗಿ. ಪರ ಊರಿನಿಂದ ಬಂದವರು ವಿಮಾನ ನಿಲ್ದಾಣದಿಂದ ನೇರ ಹೋಗುವುದೂ ಇದಕ್ಕಾಗಿ. ಈ ದೋಸೆಗೆ ಸಿಕ್ಕಿರುವ ಕೀರ್ತಿ ಅದರ ಯೋಗ್ಯತೆಯನ್ನು ಮೀರಿದ್ದು. ಇದೇ ಅವಧಿಯಲ್ಲಿ ಬಡಾವಣೆಯ ಮೂಲೆಯ ದರ್ಶಿನಿಯನ್ನೂ ಅಲ್ಲಿನ ಖಾಲಿ ದೋಸೆಯನ್ನೂ ಯಾರೂ ಗಂಭೀರವಾಗಿ ಪರಿಶೀಲಿಸಿಲ್ಲ. ವಿದ್ಯಾರ್ಥಿ ಭವನ, ಎಂ.ಟಿ.ಆರ್., ಸಿ.ಟಿ.ಆರ್. ಕಥೆಗಳು ಓದುಗರಿಗೆ ಬಾಯಿಪಾಠವಾಗಿವೆ; ಅವನ್ನು ಮತ್ತೆ ಹೇಳುವುದಿಲ್ಲ. ನೋಡಬೇಕಾದದ್ದು ಕಾವಲಿಯನ್ನು.

ಭಟ್ಟರು ಕಾದ ಕಾವಲಿಗೆ ನೀರು ಚಿಮುಕಿಸಿ ತೆಂಗಿನಕಡ್ಡಿ ಪೊರಕೆಯಿಂದ ಗುಡಿಸುತ್ತಾರಲ್ಲ, ಅದು ಬರೀ ಶುಚಿಗಾಗಿ ಅಲ್ಲ. ಕಾವಲಿ ಮಿತಿ ಮೀರಿ ಕಾದಿದ್ದರೆ ಹಿಟ್ಟು ಬಿದ್ದಲ್ಲೇ ಕಚ್ಚಿಕೊಳ್ಳುತ್ತದೆ, ಸೌಟು ತಿರುಗಿಸಿದರೆ ಗಂಟುಗಂಟಾಗಿ ಎದ್ದುಬರುತ್ತದೆ. ನೀರು ಆವಿಯಾಗುವಾಗ ಮೇಲ್ಮೈಯ ಕಾವು ಒಂದಿಷ್ಟು ಇಳಿಯುತ್ತದೆ, ಹಿಟ್ಟು ಹರಡಲು ಬಿಡುವು ಸಿಗುತ್ತದೆ. ಅಷ್ಟರಲ್ಲಿ ದಪ್ಪ ಕಬ್ಬಿಣದೊಳಗೆ ಕೂತ ಶಾಖ ಮತ್ತೆ ಮೇಲೇರಿ ದೋಸೆಯ ಅಡಿಯನ್ನು ಕೆಂಪಾಗಿಸುತ್ತದೆ. ಹುಳಿ ಬಂದ ಹಿಟ್ಟಿನೊಳಗಿನ ಗಾಳಿ ಈ ಹೊತ್ತಿನಲ್ಲೇ ಸಣ್ಣ ತೂತುಗಳಾಗಿ ಒಡೆಯುವುದು. ಹಿಟ್ಟು ಹಸಿಯಾಗಿರುವಾಗಲೇ ಎಣ್ಣೆಯನ್ನೋ ತುಪ್ಪವನ್ನೋ ತೊಟ್ಟಿಕ್ಕಿಸಿದರೆ ಅದು ಆ ತೂತುಗಳಲ್ಲಿ ಇಳಿದು ಕಬ್ಬಿಣವನ್ನು ಮುಟ್ಟುತ್ತದೆ, ದೋಸೆಯನ್ನು ಅಡಿಯಿಂದ ಹುರಿಯುತ್ತದೆ. ಒಳ್ಳೆಯ ಮಸಾಲೆ ದೋಸೆಯ ಹೊರಮೈ ಗರಿಗರಿಯಾಗಿ ಒಳಮೈ ಮೆತ್ತಗಿರುವುದು ಈ ಕೆಲವು ಕ್ಷಣಗಳ ಲೆಕ್ಕಾಚಾರದಿಂದ.

ಹೊಸ ಪುಡಿ ದೋಸೆಯಲ್ಲಿ ತುಪ್ಪ ಬರುವುದು ಈ ಕ್ಷಣಗಳೆಲ್ಲ ದಾಟಿದ ಮೇಲೆ. ದೋಸೆ ಬೆಂದಿರುತ್ತದೆ, ತೂತುಗಳ ಬಾಯಿ ಕಟ್ಟಿರುತ್ತದೆ, ಮೇಲೆ ಪುಡಿ ಉದುರಿಸಿ ಆಗಿರುತ್ತದೆ. ಆಮೇಲೆ ಸೌಟಿನಲ್ಲಿ ತುಪ್ಪ ಸುರಿಯುತ್ತಾರೆ. ಅದಕ್ಕೆ ಇಳಿಯಲು ದಾರಿಯಿಲ್ಲ. ಅರ್ಧವನ್ನು ಪುಡಿ ಹೀರಿಕೊಳ್ಳುತ್ತದೆ, ಉಳಿದರ್ಧ ಮಡಿಕೆಯೊಳಗೆ ನಿಂತು ತಟ್ಟೆಗೆ ಬರುತ್ತದೆ. ಇಲ್ಲಿ ತುಪ್ಪ ದೋಸೆಯನ್ನು ಬೇಯಿಸುತ್ತಿಲ್ಲ, ಹುರಿಯುತ್ತಿಲ್ಲ. ಬೆಂದದ್ದರ ಮೇಲೆ ಹೊದಿಕೆಯಾಗಿ ಕೂತಿದೆ. ಮೊದಲ ತುತ್ತಿಗೆ ಘಮ ಮೂಗಿಗೆ ಬಡಿಯುತ್ತದೆ, ನಿಜ. ನಾಲ್ಕನೆಯ ತುತ್ತಿಗೆ ನಾಲಿಗೆಯ ಮೇಲೆ ಜಿಡ್ಡಿನ ಪದರ ಕಟ್ಟಿ, ಚಟ್ನಿಯ ತೆಂಗಿನಕಾಯಿಯಾಗಲಿ ಹಿಟ್ಟಿನ ಹುಳಿಯಾಗಲಿ ತಿಳಿಯದಂತಾಗುತ್ತದೆ.

ಹಾಗಾದರೆ ಬೆಣ್ಣೆ ದೋಸೆಯೂ ಇದೇ ತಾನೆ ಎನ್ನುವವರಿದ್ದಾರೆ. ಅಲ್ಲ. ಬೆಣ್ಣೆಯಲ್ಲಿ ಶೇ 15ರ ಆಸುಪಾಸು ನೀರಿರುತ್ತದೆ, ಒಂದಿಷ್ಟು ಹಾಲಿನ ಅಂಶವೂ ಇರುತ್ತದೆ. ಕಾವಲಿಯ ಮೇಲೆ ಆ ನೀರು ಸಿಡಿದು ಆವಿಯಾಗುತ್ತದೆ, ಹಾಲಿನಂಶ ಕೆಂಪಗೆ ಹುರಿದು ದೋಸೆಗೆ ಅಂಟುತ್ತದೆ. ಬೆಣ್ಣೆ ದೋಸೆಯ ಪರಿಮಳ ಹುಟ್ಟುವುದು ದೋಸೆಯ ಮೇಲೆಯೇ. ತುಪ್ಪದಲ್ಲಿ ಈ ಕೆಲಸ ಕಾಯಿಸುವ ಪಾತ್ರೆಯಲ್ಲೇ ಮುಗಿದಿರುತ್ತದೆ. ದೋಸೆಯ ಮೇಲೆ ಅದು ಹೊಸದೇನನ್ನೂ ಹುಟ್ಟಿಸುವುದಿಲ್ಲ, ತಂದದ್ದನ್ನು ಸವರುತ್ತದೆ ಅಷ್ಟೆ. ದಾವಣಗೆರೆಯವರು ಮಂಡಕ್ಕಿ ಸೇರಿಸಿ ರುಬ್ಬಿದ ಹಿಟ್ಟನ್ನು ಸೌದೆ ಒಲೆಯ ಮೇಲೆ ಬೆಣ್ಣೆಯಲ್ಲಿ ಹುಯ್ಯುವುದರ ಹಿಂದೆ ಅನುಭವದಿಂದ ಬಂದ ಈ ತಿಳಿವಳಿಕೆಯಿದೆ.

ಇಷ್ಟು ತುಪ್ಪ ಯಾಕೆ ಬೇಕಾಯಿತು? ಹಿಟ್ಟು ಸೋತಿರುವುದಕ್ಕೆ. ಅಕ್ಕಿ, ಉದ್ದು, ಮೆಂತ್ಯ, ಅವಲಕ್ಕಿ ರುಬ್ಬಿಟ್ಟ ಹಿಟ್ಟು ರುಚಿ ಪಡೆಯುವುದು ರಾತ್ರಿಯಿಡೀ ಹುಳಿ ಬಂದಾಗ. ಮೊದಲಿಗೆ ಲ್ಯೂಕೊನೊಸ್ಟಾಕ್‌ನಂಥ ಬ್ಯಾಕ್ಟೀರಿಯಾ ಗಾಳಿ ತುಂಬಿ ಹಿಟ್ಟನ್ನು ಉಬ್ಬಿಸುತ್ತವೆ, ಜೊತೆಜೊತೆಗೇ ಹುಳಿ ಏರುತ್ತ ಹೋಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನ ಡಿಸೆಂಬರ್ ರಾತ್ರಿಗಳಲ್ಲಿ ಅದಕ್ಕೆ ಏಪ್ರಿಲ್‌ಗಿಂತ ಹೆಚ್ಚು ಗಂಟೆ ಬೇಕು. ಇದನ್ನು ಬಲ್ಲ ಭಟ್ಟರು ಚಳಿಗಾಲದಲ್ಲಿ ಮಧ್ಯಾಹ್ನವೇ ರುಬ್ಬಿಡುತ್ತಾರೆ, ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಸರಿಸುತ್ತಾರೆ. ಒಂದೇ ಕಡೆ ರುಬ್ಬಿ, ತಣ್ಣಗಿಟ್ಟು, ವ್ಯಾನಿನಲ್ಲಿ ಹತ್ತಾರು ಶಾಖೆಗೆ ಸಾಗಿಸುವ ವ್ಯವಸ್ಥೆಯಲ್ಲಿ ಹಿಟ್ಟು ಎಲ್ಲೆಡೆ ಒಂದೇ ಸಮ ಇರಬೇಕೆಂಬುದೇ ಮೊದಲ ಗುರಿ. ತಣ್ಣಗಿಟ್ಟ ಹಿಟ್ಟಿನಲ್ಲಿ ಹುಳಿ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ. ಸಪ್ಪೆ ಹಿಟ್ಟಿನ ಮೇಲೆ ಖಾರದ ಪುಡಿ, ಪುಡಿಯ ಮೇಲೆ ತುಪ್ಪ ಬರುವುದು ಆಗ. ಈ ಕೆಫೆಗಳ ಅಡುಗೆಮನೆ ತೆರೆದಿದೆ, ಚೊಕ್ಕಟವಾಗಿದೆ, ಕೆಲವು ತಡರಾತ್ರಿಯವರೆಗೂ ಬಾಗಿಲು ಹಾಕುವುದಿಲ್ಲ. ಅಷ್ಟರ ಮಟ್ಟಿಗೆ ಮೆಚ್ಚುತ್ತೇನೆ.

ಫೋನ್ ಹಿಡಿದು ಮೆಚ್ಚುಗೆ ಸುರಿಸುವವರ ಮೇಲೆ ನನಗೆ ಕೋಪವಿಲ್ಲ. ಕಣ್ಣಿಗೆ ಕಂಡದ್ದನ್ನು ಅವರು ಹೇಳುತ್ತಾರೆ. ನನ್ನ ತಕರಾರು ಹಳೆಯ ಹೋಟೆಲುಗಳ ಸ್ಮರಣೆ ಬರೆಯುವ ನಮ್ಮ ವಿಮರ್ಶಕರ ಮೇಲೆ. ದರ್ಶಿನಿ ಬಂದು ಹೋಟೆಲ್ ಸಂಸ್ಕೃತಿ ಹಾಳಾಯಿತು, ಕೂತು ಹರಟುವ ಮೇಜು ಹೋಯಿತು, ಜನ ನಿಂತು ನುಂಗಿ ಓಡುವಂತಾಯಿತು ಎಂದು ಅವರು ಎಷ್ಟೋ ವರ್ಷಗಳಿಂದ ಬರೆಯುತ್ತಿದ್ದಾರೆ. ಆ ಮೇಜಿನಲ್ಲಿ ಯಾರು ಕೂರುತ್ತಿದ್ದರು ಎಂಬ ಪ್ರಶ್ನೆ ಅವರ ಬರಹದಲ್ಲಿ ಬರುವುದಿಲ್ಲ. ಹಳೆಯ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿಯಿದ್ದ ಕಾಲವಿತ್ತು. ಅದು ಹೋದ ಮೇಲೂ ಹೆಂಗಸರನ್ನು ಪರದೆಯ ಹಿಂದಿನ ಫ್ಯಾಮಿಲಿ ರೂಮಿಗೆ ಕಳಿಸುತ್ತಿದ್ದರು. ಒಬ್ಬಳೇ ಬಂದು ಕಾಫಿ ಕುಡಿದರೆ ಹತ್ತು ಕಣ್ಣು ಅವಳ ಮೇಲೆ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಶುರುಮಾಡಿದ ಕೆಫೆ ದರ್ಶಿನಿಯ ಮಾದರಿ ಈ ಏರ್ಪಾಡನ್ನು ಸದ್ದಿಲ್ಲದೆ ಮುರಿಯಿತು. ಕುರ್ಚಿಯಿಲ್ಲ, ಸಪ್ಲೈಯರ್ ಇಲ್ಲ, ಟಿಪ್ಸ್ ಇಲ್ಲ. ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ಪಡೆದು ಕೌಂಟರಿಗೆ ಒಪ್ಪಿಸಿದರೆ ಎಲ್ಲರಿಗೂ ಒಂದೇ ತಟ್ಟೆ, ಒಂದೇ ಎತ್ತರದ ಕಲ್ಲಿನ ಮೇಜು. ಆಟೊ ಓಡಿಸುವವರು, ಬ್ಯಾಂಕಿನ ಅಧಿಕಾರಿ, ಪಾಳಿ ಮುಗಿಸಿ ಬಂದ ನರ್ಸ್ ಒಂದೇ ಮೇಜಿನ ಸುತ್ತ ನಿಂತು ತಿನ್ನುತ್ತಾರೆ, ಯಾರೂ ಯಾರ ಜಾತಿ ಕೇಳುವುದಿಲ್ಲ. ಹೆಂಗಸೊಬ್ಬಳು ಒಬ್ಬಳೇ ಬಂದು ಇಡ್ಲಿ ತಿಂದು ಹೋಗುವುದು ಇವತ್ತು ಈ ಊರಿನಲ್ಲಿ ಸುದ್ದಿಯೇ ಅಲ್ಲ. ಇದನ್ನು ಸಂಸ್ಕೃತಿಯ ನಾಶವೆನ್ನುವ ವಿಮರ್ಶೆಗೆ ಸಂಸ್ಕೃತಿಯೆಂದರೆ ತನ್ನ ಮಿತ್ರರ ಹರಟೆ ಮಾತ್ರ. ವಯಸ್ಸಾದವರಿಗೆ, ಕಾಲುನೋವಿನವರಿಗೆ ನಿಂತು ತಿನ್ನುವುದು ಕಷ್ಟ ಎಂಬ ಆಕ್ಷೇಪಕ್ಕೆ ಹುರುಳಿದೆ. ನಾಲ್ಕು ಕುರ್ಚಿ ಹಾಕಿಸಿದರೆ ಅದಕ್ಕೆ ಪರಿಹಾರವೂ ಇದೆ.

ಹಳೆಯ ಮೇಜಿಗಾಗಿ ಮರುಗುವವರೂ ತುಪ್ಪದ ದೋಸೆಗಾಗಿ ಸಾಲಿನಲ್ಲಿ ನಿಲ್ಲುವವರೂ ಒಂದು ವಿಷಯದಲ್ಲಿ ಜೊತೆಗಾರರು. ಇಬ್ಬರಿಗೂ ಹೋಟೆಲಿಗೆ ಹೋಗುವುದೆಂದರೆ ವಿಶೇಷ ಸಂದರ್ಭ. ದರ್ಶಿನಿ ಹುಟ್ಟಿದ್ದು ದಿನನಿತ್ಯದ ಹಸಿವಿಗಾಗಿ. ಸೋಮವಾರ ತಿಂದವರು ಮಂಗಳವಾರವೂ ಬರಬೇಕು. ಅವರ ಹೊಟ್ಟೆಗೂ ಜೇಬಿಗೂ ಅದು ಒಗ್ಗಬೇಕು. ಹೊಸ ಕೆಫೆಗಳು ನಿಂತು ತಿನ್ನುವ ಮೇಜನ್ನೂ ಟೋಕನ್ನನ್ನೂ ದರ್ಶಿನಿಯಿಂದ ತೆಗೆದುಕೊಂಡು ಈ ಕರಾರನ್ನು ಕೈಬಿಟ್ಟಿವೆ. ಪುಡಿ ದೋಸೆಯನ್ನು ದಿನವೂ ತಿನ್ನಲಾಗದು.

ದೋಸೆಯ ಹೋಟೆಲನ್ನು ಅಳೆಯಲು ಖಾಲಿ ದೋಸೆಯೇ ಸರಿಯಾದ ಪರೀಕ್ಷೆ. ಅದು ದಪ್ಪಗಿರುತ್ತದೆ, ಒಂದೇ ಬದಿ ಬೇಯುತ್ತದೆ, ಒಳಗೆ ಪಲ್ಯವಾಗಲಿ ಕೆಂಪು ಚಟ್ನಿಯಾಗಲಿ ಇಲ್ಲ. ಹಿಟ್ಟಿನ ಸೋಲನ್ನು ಅಡಗಿಸಲು ಅಲ್ಲಿ ಜಾಗವಿಲ್ಲ. ತೂತುಗಳನ್ನು ಮಾತ್ರ ನೋಡಿ ನಂಬಬಾರದು. ಸೋಡಾ ಹಾಕಿದರೂ ತೂತು ಬೀಳುತ್ತವೆ, ಹುಳಿ ಮಾತ್ರ ಬರುವುದಿಲ್ಲ. ಆದ್ದರಿಂದ ಹೊಸ ಹೋಟೆಲಿಗೆ ಹೋದಾಗ ಮೊದಲು ಒಂದು ಖಾಲಿ ದೋಸೆ ಕೇಳಿ, ಚಟ್ನಿ ಮುಟ್ಟುವ ಮುನ್ನ ಅಂಚನ್ನು ಮುರಿದು ಬಾಯಿಗಿಡಿ. ಅದರಲ್ಲಿ ಹುಳಿ ಇಲ್ಲದಿದ್ದರೆ ಆ ಹೋಟೆಲಿನ ತುಪ್ಪದ ದೋಸೆಗೆ ದುಡ್ಡು ಕೊಡಬೇಡಿ.