ಇತ್ತೀಚಿನ ಐದು

ನಮ್ಮ ಬಾಗಲಕೋಟೆ ಕಡೆಯ ಊರುಗಳ ಹೆಸರಲ್ಲಿ ಯಾರಾದರೂ ವೆಬ್‌ಸೈಟ್ ಮಾಡಿದರೆ ಬಲಗಡೆ ಒಂದು ಬಾಕ್ಸ್ ಬಂದೇ ಬರುತ್ತೆ: 'ಇತ್ತೀಚಿನ ಬರಹಗಳು'. ಬರಹ ಇರೋದು ಬೇರೆ ಯಾವುದೋ ಬ್ಲಾಗಿನಲ್ಲಿ. ಸೈಟು ಆ ಬ್ಲಾಗಿನ ಡೇಟಾಬೇಸಿಗೆ ಕೈಹಾಕಿ ಮೇಲಿನ ಐದನ್ನು ಎತ್ತಿಕೊಂಡು ಬರುತ್ತದೆ. ನಾಲ್ಕು ಸಾಲಿನ ಕೋಡು. ಸುಲಭ ಅಂತಲೇ ಎಲ್ಲರೂ ಹಾಕ್ತಾರೆ, ಹಾಕಿದ ಮೇಲೆ ಯಾರೂ ತಿರುಗಿ ನೋಡಲ್ಲ.

ಈ ಕೆಲಸ ಕನ್ನಡಕ್ಕೆ ಹೊಸದೇನಲ್ಲ. 2005ರಲ್ಲಿ ಹರಿಪ್ರಸಾದ್ ನಾಡಿಗ್ ಶುರುಮಾಡಿದ 'ಸಂಪದ'ದ ಬಳಗದಲ್ಲೇ 'ಪ್ಲಾನೆಟ್' ಅಂತ ಒಂದು ಪುಟ ಇತ್ತು. ಚದುರಿಹೋಗಿದ್ದ ಬ್ಲಾಗುಗಳ ಹೊಸ ಬರಹ ಅಲ್ಲಿ ಒಟ್ಟಿಗೆ ಸಿಗ್ತಿತ್ತು. ಅಂಥ ಪುಟಗಳು ಓದೋದು ಫೀಡನ್ನು, ಅಂದರೆ ಬರೆದವರು ಹೊರಗಿನ ಕಟ್ಟೆಗೆ ತಂದಿಟ್ಟದ್ದನ್ನು. ಡೇಟಾಬೇಸಿಗೇ ಕೈಹಾಕುವ ಬಾಕ್ಸು ಹಾಗಲ್ಲ, ನೇರ ಅಡುಗೆಮನೆಗೇ ನುಗ್ಗುತ್ತೆ. ವರ್ಡ್‌ಪ್ರೆಸ್ಸಿನ ಒಂದೇ ಟೇಬಲ್ಲಿನಲ್ಲಿ ಪ್ರಕಟವಾದದ್ದೂ ಇರುತ್ತೆ, ಅರ್ಧ ಬರೆದಿಟ್ಟ ಕರಡೂ ಇರುತ್ತೆ. 'ಪ್ರಕಟವಾದದ್ದು ಮಾತ್ರ' ಅನ್ನೋ ಷರತ್ತು ಮರೆತರೆ ಬೆಂದಿಲ್ಲದ್ದೂ ಎಲೆಗೆ ಬಿತ್ತು.

ಇನ್ನು ಅಕ್ಷರದ ಗೋಳು. ಕನ್ನಡದ ಒಂದೊಂದು ಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟು. 'ಬಾಗಲಕೋಟೆ' ಅಂತ ಬರೆದರೆ 24. ಇಂಗ್ಲಿಷಿಗೆ ಬರೆದ ಕೋಡು ಬೈಟು ಎಣಿಸಿ ಕತ್ತರಿ ಹಾಕಿದರೆ ಸಾಲಿನ ಕೊನೆಗೆ ಒಂದು ಪ್ರಶ್ನೆ ಚಿಹ್ನೆ ಕೂತಿರುತ್ತೆ. ಚಿಹ್ನೆ ಎಣಿಸಿ ಕತ್ತರಿಸಿದರೂ ಒತ್ತಕ್ಷರ ಬೇರ್ಪಡಬಹುದು. ಪದ ನೋಡಿ ಕತ್ತರಿಸ್ರಪ್ಪಾ, ಅಷ್ಟೇ.

ಇದಕ್ಕಿಂತ ಕೆಟ್ಟದ್ದು ಹೆಸರು ಕಳೆಯೋದು. ಬರಹದ ಸಾಲಿನಲ್ಲಿ ಲೇಖಕರ ಹೆಸರು ಇರಲ್ಲ, ಒಂದು ನಂಬರ್ ಇರುತ್ತೆ. ಹೆಸರು ಇನ್ನೊಂದು ಟೇಬಲ್ಲಿನಲ್ಲಿ. ಎರಡನ್ನೂ ಜೋಡಿಸಬೇಕು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ರೇಷ್ಮೆ ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕುಣಿಕೆ ಹಾಕಿ ಸೇರಿಸ್ತಾರೆ, ಅದಕ್ಕೆ ಕೊಂಡಿ ಅಂತಾರೆ. ವೆಬ್ಬಿನ ಲಿಂಕಿಗೂ ನಾವು ಕೊಂಡಿ ಅಂತಲೇ ಅನ್ನೋದು. ಹೆಸರಿಲ್ಲದೆ, ಮೂಲ ಪುಟಕ್ಕೆ ಕೊಂಡಿ ಇಲ್ಲದೆ ಇಡೀ ಬರಹವನ್ನೇ ತಂದು ಸುರಿಯುವ ಸೈಟು ನೇಕಾರನ ಸೆರಗಷ್ಟನ್ನೇ ಹರಕೊಂಡು ಬಂದ ಹಾಗೆ. ಓದುಗರಿಗೆ ಬರಹ ಸಿಕ್ಕಿತು, ಬರೆದಾಕೆ ಹುನಗುಂದದವಳೋ ಹೂಸ್ಟನ್ನಿನವಳೋ ಗೊತ್ತಾಗಲಿಲ್ಲ.

ನನ್ನ ದೊಡ್ಡ ತಕರಾರು ಮಾತ್ರ 'ಇತ್ತೀಚಿನ' ಅನ್ನೋ ಪದದ ಮೇಲೇ. ಬಾದಾಮಿಯ ಮೂರನೇ ಗುಹೆಯ ಶಾಸನ ತಾನು ಶಕವರ್ಷ 500ರದ್ದು, ಅಂದರೆ ಕ್ರಿ.ಶ. 578, ಅಂತ ತಾನೇ ಹೇಳುತ್ತೆ. ನಮ್ಮ ಬಾಕ್ಸುಗಳಲ್ಲಿ ಕೆಲವು ಬರಹ ಹುಟ್ಟಿದ ದಿನ ಬಿಟ್ಟು ನಕಲಾದ ದಿನ ತೋರಿಸ್ತವೆ. ಅದನ್ನು ಸರಿಮಾಡಬಹುದು. ಆದರೆ ಹಳೇ ಬಾಗಲಕೋಟೆಯ ಬಗ್ಗೆ ಯಾರೋ ಬರೆದಿರ್ತಾರೆ. ಆಲಮಟ್ಟಿಯ ಹಿನ್ನೀರು ಬಂದು ಊರಿನ ಒಂದು ಭಾಗ ಮುಳುಗಿದ್ದು, ಮನೆ ಬಿಟ್ಟು ನವನಗರಕ್ಕೆ ಹೋದದ್ದು, ಯಾವ ಓಣಿಯಲ್ಲಿ ಯಾರ ಅಂಗಡಿ ಇತ್ತು ಅನ್ನೋದು. ಆ ಓಣಿ ಈಗ ಹೋಗಿ ನೋಡೋಕೆ ಸಿಗಲ್ಲ, ಬರಹದಲ್ಲಷ್ಟೇ ಇದೆ. ಹೊಸದಾಗಿ ಐದು ಹಬ್ಬದ ಶುಭಾಶಯ ಬಿದ್ದರೆ ಅದು ಬಾಕ್ಸಿನಿಂದ ಹೊರಗೆ. ಡೇಟಾಬೇಸಿನಲ್ಲಿ ಭದ್ರವಾಗಿದೆ ಅಂತೀರಿ. ಕಾಣಿಸದಿದ್ದರೆ ಯಾರು ಹುಡುಕ್ತಾರೆ? ಊರು ಎರಡನೇ ಸಲ ಮುಳುಗಿದ ಲೆಕ್ಕ.

ಬೇರೆ ದಾರಿ ಇಲ್ಲ ಅಂತೇನಲ್ಲ. 'ವಚನ ಸಂಚಯ' ನೋಡಿ: 20 ಸಾವಿರಕ್ಕೂ ಹೆಚ್ಚು ವಚನಗಳ ಡೇಟಾಬೇಸು. ಬಸವಣ್ಣನವರು ಐಕ್ಯರಾದ ಕೂಡಲಸಂಗಮ ನಮ್ಮ ಪಕ್ಕದಲ್ಲೇ ಇದೆ, ಅವರ ವಚನಗಳಲ್ಲಿ 'ಇತ್ತೀಚಿನದು' ಯಾವುದು? ಅಲ್ಲಿ ಪದ ಹಾಕಿ ಹುಡುಕಬಹುದು. ದಿನಕ್ಕೊಂದು ವಚನ ಆರಿಸಿ ತೋರಿಸುವ ಪದ್ಧತಿಯನ್ನೂ ಅವರು ಮಾಡಿದ್ದಾರೆ. ನಮ್ಮ ಊರಿನ ಸೈಟುಗಳು ಐದರಲ್ಲಿ ಎರಡು ಸಾಲನ್ನು ಹೀಗೆ ಹಳೆಯದಕ್ಕೆ ಬಿಟ್ಟುಕೊಡಲಿ. ಅದಕ್ಕೆ ಬೇಕಾದ್ದು ಇನ್ನೊಂದೇ ಒಂದು ಕ್ವೆರಿ.